ಪ್ರಾಗ್‌ನಲ್ಲಿ ಇಬ್ಬರಿಗೆ ಒಂದೇ ದಿನ: ಕೋಟೆ ಮೊದಲೋ, ಸೇತುವೆ ಮೊದಲೋ?

ವಿಯೆನ್ನಾದಿಂದ ರೈಲಿನಲ್ಲಿ ಸುಮಾರು ನಾಲ್ಕು ಗಂಟೆ, ಡ್ರೆಸ್ಡೆನ್‌ನಿಂದ ಎರಡೂವರೆ ಗಂಟೆ. ಹೀಗಾಗಿ ಯುರೋಪ್ ಸುತ್ತಲು ಹೊರಡುವ ನಮ್ಮ ಕಡೆಯ ದಂಪತಿಗಳ ಪಟ್ಟಿಯಲ್ಲಿ ಚೆಕ್ ದೇಶದ ರಾಜಧಾನಿ ಪ್ರಾಗ್‌ಗೆ ಸಿಗುವುದು ಹೆಚ್ಚಾಗಿ ಒಂದೇ ದಿನ. ನಮಗೂ ಮೊದಲ ಸಲ ಸಿಕ್ಕಿದ್ದು ಅಷ್ಟೇ. ಅವತ್ತು ಕೋಟೆಯ ಟಿಕೆಟನ್ನೂ ಕೊಂಡೆವು, ಯೆಹೂದಿ ಕೇರಿಯ ಟಿಕೆಟನ್ನೂ ಕೊಂಡೆವು, ಎರಡು ಗೋಪುರ ಹತ್ತಿದೆವು, ಸಂಜೆ ದೋಣಿಯನ್ನೂ ಬಿಡಲಿಲ್ಲ. ರಾತ್ರಿ ಕೋಣೆಗೆ ಬಂದು ಶೂ ಬಿಚ್ಚುತ್ತಾ ಇವರು, “ಬೆಳಗಿನಿಂದ ನಾವಿಬ್ಬರೂ ಆಡಿದ್ದು ಒಂದೇ ಮಾತು ನೋಡು, ಈಗ ಯಾವ ಕಡೆ ಅಂತ” ಎಂದರು. ನಿಜವಾಗಿತ್ತು. ಅಂಥ ಊರಲ್ಲಿ ನಡೆದೂ ಒಂದು ಕಡೆ ಜೊತೆಯಾಗಿ ಹತ್ತು ನಿಮಿಷ ಕೂತಿರಲಿಲ್ಲ.

ಆಮೇಲೆ ಇನ್ನೆರಡು ಸಲ ಹೋದೆವು, ಒಮ್ಮೆ ಜೂನ್‌ನಲ್ಲಿ, ಒಮ್ಮೆ ಡಿಸೆಂಬರ್‌ನಲ್ಲಿ. ಎರಡು ಸಲವೂ ಬೇರೆ ಬೇರೆ ಕ್ರಮದಲ್ಲಿ ನೋಡಿದೆವು. ಅದರಿಂದ ಗೊತ್ತಾದದ್ದು ಇಷ್ಟು: ಪ್ರಾಗ್‌ನಲ್ಲಿ ಏನೇನು ನೋಡಬೇಕು ಅನ್ನುವುದಕ್ಕಿಂತ ಯಾವ ದಡದಿಂದ ಶುರು ಮಾಡಬೇಕು ಅನ್ನುವುದನ್ನು ಮೊದಲು ತೀರ್ಮಾನಿಸಿಕೊಳ್ಳಬೇಕು. ಆಮೇಲೆ ಟಿಕೆಟ್ ಕೊಂಡು ಒಳಗೆ ಹೋಗುವ ದೊಡ್ಡ ಜಾಗ ಒಂದೇ ಒಂದು ಸಾಕು. ಉಳಿದದ್ದೆಲ್ಲ ಬೀದಿಯಲ್ಲೇ ಇದೆ.

ಎರಡು ದಾರಿ

ನಕ್ಷೆ ಬಿಡಿಸಿದರೆ ಊರಿನ ಲೆಕ್ಕ ಸರಳ. ವ್ಲತಾವಾ ನದಿ ದಕ್ಷಿಣದಿಂದ ಉತ್ತರಕ್ಕೆ ಹರಿಯುತ್ತದೆ. ಪೂರ್ವ ದಡದಲ್ಲಿ ಸಮತಟ್ಟಾದ ಹಳೆಯ ಪಟ್ಟಣ. ಅದರ ಚೌಕ, ಖಗೋಳ ಗಡಿಯಾರ, ಯೆಹೂದಿ ಕೇರಿ ಎಲ್ಲ ಅಲ್ಲೇ. ಪಶ್ಚಿಮದಲ್ಲಿ ಗುಡ್ಡ, ಗುಡ್ಡದ ಬುಡಕ್ಕೆ ಮಾಲಾ ಸ್ತ್ರಾನಾ ಎಂಬ ಬಡಾವಣೆ, ನೆತ್ತಿಗೆ ಕೋಟೆ. ಎರಡನ್ನೂ ಕೂಡಿಸುವುದು ಚಾರ್ಲ್ಸ್ ಸೇತುವೆ, 516 ಮೀಟರ್ ಉದ್ದ, ಹದಿನಾರು ಕಮಾನು. ಇದರ ಮೇಲೆ ವಾಹನ ಓಡಾಡುವುದಿಲ್ಲ.

ಮೊದಲ ದಾರಿ ಮೇಲಿನಿಂದ ಕೆಳಕ್ಕೆ. ಬೆಳಿಗ್ಗೆ 22ನೇ ನಂಬರಿನ ಟ್ರಾಮ್ ಹತ್ತಿ ಕೋಟೆಯ ಸ್ಟಾಪನ್ನೂ ದಾಟಿ ಪೊಹೊರ್ಜೆಲೆಟ್ಸ್‌ನಲ್ಲಿ ಇಳಿಯುವುದು. ಎರಡು ಹೆಜ್ಜೆ ನಡೆದರೆ ಸ್ತ್ರಾಹೊವ್ ಮಠ. 1143ರಲ್ಲಿ ಸ್ಥಾಪನೆಯಾದದ್ದು. ಅದರ ಪಕ್ಕದ ಇಳಿಜಾರಿನಲ್ಲಿ ನಿಂತರೆ ಇಡೀ ಊರು ಕೆಂಪು ಹೆಂಚು ಹೊದ್ದು ಕೆಳಗೆ ಮಲಗಿರುತ್ತದೆ. ಅಲ್ಲಿಂದ ಸಮತಟ್ಟಾಗಿ ನಡೆದು ಕೋಟೆಗೆ, ಕೋಟೆಯಿಂದ ನೆರುದೊವಾ ಬೀದಿಯಲ್ಲಿ ಇಳಿದು ಊಟಕ್ಕೆ ಮಾಲಾ ಸ್ತ್ರಾನಾ, ಆಮೇಲೆ ಸೇತುವೆ, ಸಂಜೆಗೆ ಹಳೆಯ ಪಟ್ಟಣ. ದಿನವಿಡೀ ಏರು ಅನ್ನುವುದೇ ಇಲ್ಲ. ಮಂಡಿನೋವಿದ್ದವರಿಗೆ, ಐವತ್ತು ದಾಟಿದವರಿಗೆ, ಹಿಂದಿನ ದಿನವೇ ವಿಯೆನ್ನಾದಲ್ಲಿ ಹತ್ತು ಕಿಲೋಮೀಟರ್ ನಡೆದು ಬಂದವರಿಗೆ ನಾನು ಬೇರೆ ದಾರಿ ಹೇಳುವುದಿಲ್ಲ.

ನೆರುದೊವಾದಲ್ಲಿ ಇಳಿಯುವಾಗ ಬಾಗಿಲುಗಳ ಮೇಲ್ಗಡೆ ನೋಡುತ್ತಾ ಬನ್ನಿ. ಮೂರು ಪಿಟೀಲು, ಎರಡು ಸೂರ್ಯ, ಹೀಗೆ ಒಂದೊಂದು ಮನೆಗೆ ಒಂದೊಂದು ಗುರುತು. 1770ರಲ್ಲಿ ಮನೆಗಳಿಗೆ ನಂಬರು ಕೊಡುವ ತನಕ ಇವೇ ವಿಳಾಸ. ನಾವಿಬ್ಬರೂ ಒಬ್ಬರು ಎಡಗಡೆ, ಒಬ್ಬರು ಬಲಗಡೆ ಹಂಚಿಕೊಂಡು ಹುಡುಕುತ್ತಾ ಇಳಿದೆವು. ಆ ಅರ್ಧ ಗಂಟೆ ಇಡೀ ಪ್ರವಾಸದಲ್ಲಿ ನನಗೆ ಅತ್ಯಂತ ಪ್ರಿಯವಾದದ್ದು. ಅದಕ್ಕೆ ಟಿಕೆಟ್ಟೂ ಇಲ್ಲ.

ಎರಡನೇ ದಾರಿ ಸೇತುವೆಯಿಂದ ಮೇಲಕ್ಕೆ. ಬೆಳಗಾಗುವ ಹೊತ್ತಿಗೆ ಹಳೆಯ ಪಟ್ಟಣದ ಕಡೆಯಿಂದ ಸೇತುವೆಗೆ ಕಾಲಿಡುವುದು, ದಾಟಿ ಗುಡ್ಡ ಹತ್ತುವುದು, ಮಧ್ಯಾಹ್ನ ವಾಪಸು ಬಂದು ಚೌಕ ನೋಡುವುದು. ಈ ಕ್ರಮದ ದೊಡ್ಡ ಲಾಭ ಬೆಳಕು. ಸೂರ್ಯ ಹುಟ್ಟುವುದು ಹಳೆಯ ಪಟ್ಟಣದ ಬೆನ್ನಿಗೆ. ಆ ಬೆಳಕು ನೇರ ಬಂದು ಕೋಟೆಯ ಮುಖಕ್ಕೆ ಬೀಳುತ್ತದೆ. ಬೆಳಿಗ್ಗೆ ಸೇತುವೆಯ ಮೇಲೆ ನಿಂತು ತೆಗೆದ ಫೋಟೋದಲ್ಲಿ ಕೋಟೆ ಹೊಳೆಯುತ್ತದೆ. ಅದೇ ಜಾಗದಲ್ಲಿ ಸಂಜೆ ಹೊತ್ತು ಇಳಿಯುವಾಗ ನಿಂತರೆ ಸೂರ್ಯ ಕೋಟೆಯ ಕಡೆಗಿರುತ್ತಾನೆ, ಕೋಟೆ ಬರೀ ಕಪ್ಪು ನೆರಳು. ಇನ್ನೊಂದು ಲಾಭ ಜನ ಇಲ್ಲದಿರುವುದು. ಹತ್ತು ಗಂಟೆಯ ನಂತರ ಆ ಸೇತುವೆಯ ಮೇಲೆ ಜಾತ್ರೆಯ ತೇರುಬೀದಿಯಂತೆ ಹೆಗಲಿಗೆ ಹೆಗಲು ತಾಗುತ್ತದೆ. ಮೂವತ್ತು ಸಂತರ ಶಿಲ್ಪಗಳಲ್ಲಿ ಒಂದನ್ನೂ ನಿಂತು ನೋಡಲಾಗುವುದಿಲ್ಲ.

ಇವೆರಡರಲ್ಲಿ ಯಾವುದು ಅನ್ನುವುದು ನೀವು ಹೋಗುವ ತಿಂಗಳ ಮೇಲೆ ನಿಂತಿದೆ. ಪ್ರಾಗ್ ಇರುವುದು 50 ಡಿಗ್ರಿ ಉತ್ತರದಲ್ಲಿ, ನಮ್ಮ ಬೆಂಗಳೂರಿನ ಹಾಗೆ ವರ್ಷವಿಡೀ ಆರೂವರೆಯ ಆಸುಪಾಸಿಗೆ ಬೆಳಗಾಗುವ ಊರಲ್ಲ. ಜೂನ್‌ನಲ್ಲಿ ಸೂರ್ಯೋದಯ ಬೆಳಿಗ್ಗೆ ಐದಕ್ಕೂ ಮೊದಲು, ಸೂರ್ಯಾಸ್ತ ರಾತ್ರಿ ಒಂಬತ್ತು ದಾಟಿ. ಡಿಸೆಂಬರ್‌ನಲ್ಲಿ ಬೆಳಗಾಗುವುದು ಎಂಟಕ್ಕೆ, ಕತ್ತಲಾಗುವುದು ನಾಲ್ಕಕ್ಕೆ. ಅಂದರೆ ಬೇಸಿಗೆಯಲ್ಲಿ ಖಾಲಿ ಸೇತುವೆ ಬೇಕಾದರೆ ನಸುಕಿನ ನಾಲ್ಕೂವರೆಗೆ ಎದ್ದು ಹೊರಡಬೇಕು. ಕೋಣೆ ಸೇತುವೆಗೆ ಹತ್ತಿರ ಇಲ್ಲದಿದ್ದರೆ ಆಗದ ಮಾತು. ಚಳಿಗಾಲದಲ್ಲಾದರೆ ನಿಧಾನಕ್ಕೆ ಎದ್ದು, ಕಾಫಿ ಕುಡಿದು, ಎಂಟಕ್ಕೆ ಹೋದರೂ ಸೇತುವೆ ನಿಮ್ಮದೇ. ಆದ್ದರಿಂದ ನನ್ನ ಸಲಹೆ: ಏಪ್ರಿಲ್‌ನಿಂದ ಸೆಪ್ಟೆಂಬರ್ ತನಕ ಮೇಲಿನಿಂದ ಕೆಳಕ್ಕೆ, ನವೆಂಬರ್‌ನಿಂದ ಫೆಬ್ರವರಿ ತನಕ ಸೇತುವೆಯಿಂದ ಮೇಲಕ್ಕೆ. ನಾವು ಡಿಸೆಂಬರ್‌ನಲ್ಲಿ ಹಾಗೇ ಮಾಡಿದೆವು. ನದಿಯ ಮೇಲೆ ಮಂಜು, ಸೇತುವೆಯ ಮೇಲೆ ನಾವು ಮತ್ತು ನಾಯಿ ಹಿಡಿದು ಹೊರಟ ಒಬ್ಬ ಅಜ್ಜ. ಇವರು ತಮ್ಮ ಕೈಗವಸು ತೆಗೆದು ನನಗೆ ಕೊಟ್ಟು, ಕೈ ಜೇಬಿಗೆ ಹಾಕಿಕೊಂಡು ಹಳೆಯ ಹಾಡೊಂದನ್ನು ಗುನುಗುತ್ತಾ ನಡೆದರು.

ಸೇತುವೆಗೆ ಚಕ್ರವರ್ತಿ ನಾಲ್ಕನೇ ಚಾರ್ಲ್ಸ್ ಅಡಿಗಲ್ಲು ಹಾಕಿದ್ದು 1357ರಲ್ಲಿ. ಅದಕ್ಕೂ ಹಿಂದಿದ್ದ ಜುಡಿತ್ ಸೇತುವೆ 1342ರ ನೆರೆಯಲ್ಲಿ ಕೊಚ್ಚಿಹೋಗಿತ್ತು. ಹೊಸ ಸೇತುವೆಗೆ ಅಡಿಗಲ್ಲು ಬಿದ್ದಾಗ ಇತ್ತ ವಿಜಯನಗರದಲ್ಲಿ ಬುಕ್ಕರಾಯನ ಆಳ್ವಿಕೆ ಶುರುವಾಗಿತ್ತು. ಗಾರೆ ಗಟ್ಟಿಯಾಗಲೆಂದು ಮೊಟ್ಟೆ ಬೆರೆಸಿದರು ಎಂಬ ಕಥೆ ಅಲ್ಲಿಯೂ ಪ್ರಚಲಿತ. ಸುಣ್ಣಕ್ಕೆ ಬೆಲ್ಲ, ಮೊಟ್ಟೆ ಹಾಕಿದ ಮಾತನ್ನು ನಮ್ಮ ಹಳೆಯ ಮನೆಗಳ ಬಗ್ಗೆ ಅಜ್ಜಿಯ ಬಾಯಲ್ಲಿ ಕೇಳಿದವರಿಗೆ ಅದು ಪರಕೀಯ ಅನ್ನಿಸುವುದಿಲ್ಲ. ಈಗ ಸೇತುವೆಯ ಮೇಲಿರುವ ಶಿಲ್ಪಗಳಲ್ಲಿ ಬಹುಪಾಲು ನಕಲು. ಮೂಲದವುಗಳನ್ನು ಮಳೆಗಾಳಿಯಿಂದ ಕಾಪಾಡಲು ಒಳಗಿಟ್ಟಿದ್ದಾರೆ, ಕೆಲವು ವಿಶೆಹ್ರಾಡ್ ಕೋಟೆಯ ನೆಲದಡಿಯ ಸಭಾಂಗಣದಲ್ಲಿವೆ.

ಒಂದೇ ಟಿಕೆಟ್ ಅಂದರೆ ಯಾವುದು?

ಇದು ಕಷ್ಟದ ಆಯ್ಕೆ. ಕೋಟೆಯ ಒಳಭಾಗವೋ, ಯೊಸೆಫೊವ್ ಎಂಬ ಯೆಹೂದಿ ಕೇರಿಯೋ? ಎರಡೂ ಅರ್ಧ ದಿನ ಕೇಳುವಂಥವು, ಎರಡಕ್ಕೂ ಮನಸ್ಸು ಖಾಲಿಯಿರಬೇಕು.

ಕೋಟೆಯ ವಿಷಯದಲ್ಲಿ ಮೊದಲು ತಿಳಿಯಬೇಕಾದದ್ದು, ಅಂಗಳಗಳಿಗೆ ಟಿಕೆಟ್ ಬೇಡ. ಬೆಳಿಗ್ಗೆ ಆರರಿಂದ ರಾತ್ರಿ ಹತ್ತರ ತನಕ ಯಾರು ಬೇಕಾದರೂ ಓಡಾಡಬಹುದು. ಬಾಗಿಲಲ್ಲಿ ಬ್ಯಾಗ್ ತಪಾಸಣೆ ಇರಬಹುದು, ಅಷ್ಟೇ. ಮಧ್ಯಾಹ್ನ ಹನ್ನೆರಡಕ್ಕೆ ಮೊದಲ ಅಂಗಳದಲ್ಲಿ ಕಾವಲು ಬದಲಾಗುವ ಕವಾಯತು, ವಾದ್ಯದ ಸಮೇತ. ದೇಶದ ಅಧ್ಯಕ್ಷರ ಕಚೇರಿ ಇರುವುದು ಇಲ್ಲೇ. ಟಿಕೆಟ್ ಬೇಕಾಗುವುದು ಸೇಂಟ್ ವಿಟಸ್ ಕೆಥೆಡ್ರಲ್‌ನ ಒಳಭಾಗಕ್ಕೆ, ಹಳೆಯ ಅರಮನೆಗೆ, ಸೇಂಟ್ ಜಾರ್ಜ್ ಬಸಿಲಿಕಾಕ್ಕೆ, ಗೋಲ್ಡನ್ ಲೇನ್‌ಗೆ. ಕೆಥೆಡ್ರಲ್ ಕಟ್ಟಲು ಶುರು ಮಾಡಿದ್ದು 1344ರಲ್ಲಿ, ಮುಗಿದದ್ದು 1929ರಲ್ಲಿ. ಆರು ಶತಮಾನದ ಕೆಲಸ ಒಂದೇ ಛಾವಣಿಯಡಿ ಇರುವುದರಿಂದ ಮಧ್ಯಯುಗದ ಕಲ್ಲಿನ ಕಂಬಗಳಿರುವ ಕಟ್ಟಡದಲ್ಲೇ ಚೆಕ್ ಕಲಾವಿದ ಆಲ್ಫೋನ್ಸ್ ಮೂಖಾ ಚಿತ್ರಿಸಿದ 1930ರ ದಶಕದ ಬಣ್ಣದ ಗಾಜಿನ ಕಿಟಕಿ ಸಿಗುತ್ತದೆ. ಬಿಸಿಲು ಬಂದಾಗ ಆ ಕಿಟಕಿಯ ನೀಲಿ ನೆಲದ ಮೇಲೆ ಹರಡುತ್ತದೆ. ನಾವು ನಿಂತಲ್ಲೇ ನಿಂತೆವು.

ಹಳೆಯ ಅರಮನೆಯ ವ್ಲಾದಿಸ್ಲಾವ್ ಸಭಾಂಗಣವನ್ನು ಜನ ಬೇಗ ದಾಟಿಬಿಡುತ್ತಾರೆ. ದಾಟಬೇಡಿ. ಸವಾರರು ಕುದುರೆಯ ಸಮೇತ ಒಳಗೆ ಬಂದು ಈಟಿಯಾಟ ಆಡಲೆಂದು ಅದಕ್ಕೆ ಬೇರೆಯದೇ ಮೆಟ್ಟಿಲಿದೆ, ಕುದುರೆಯ ಹೆಜ್ಜೆಗೆ ತಕ್ಕಂತೆ ಅಗಲವಾದದ್ದು. ಅದೇ ಅರಮನೆಯ ಕಿಟಕಿಯಿಂದ 1618ರ ಮೇ 23ರಂದು ಚಕ್ರವರ್ತಿಯ ಇಬ್ಬರು ಅಧಿಕಾರಿಗಳನ್ನೂ ಅವರ ಗುಮಾಸ್ತನನ್ನೂ ಕೆಳಕ್ಕೆ ಎಸೆದರು. ಮೂವರೂ ಬದುಕಿಕೊಂಡರು, ಆದರೆ ಅದರಿಂದ ಹೊತ್ತಿದ ಯುದ್ಧ ಯುರೋಪನ್ನು ಮೂವತ್ತು ವರ್ಷ ಸುಟ್ಟಿತು. ಗೋಲ್ಡನ್ ಲೇನ್‌ನ ಗೂಡಿನಂಥ ಮನೆಗಳಲ್ಲಿ 22ನೇ ನಂಬರಿನದ್ದರಲ್ಲಿ ಲೇಖಕ ಕಾಫ್ಕಾ 1916ರ ಚಳಿಗಾಲದಲ್ಲಿ ಕೂತು ಬರೆಯುತ್ತಿದ್ದ. ಓಣಿ ಮುದ್ದಾಗಿದೆ, ಆದರೆ ಅದೊಂದಕ್ಕಾಗಿ ಟಿಕೆಟ್ ಕೊಳ್ಳುವಂಥದ್ದಲ್ಲ.

ಯೊಸೆಫೊವ್ ಬೇರೆಯದೇ ಜಾಗ. ಅಲ್ಲಿ ಖುಷಿಪಡಲು ಏನೂ ಇಲ್ಲ. ಹಳೆಯ ಸ್ಮಶಾನದಲ್ಲಿ 15ನೇ ಶತಮಾನದಿಂದ 1787ರ ತನಕ ಹೂಳಿದ್ದಾರೆ. ಹೊರಗೆ ಜಾಗ ಕೊಡಲಿಲ್ಲವಾದ್ದರಿಂದ ಒಂದು ಪದರದ ಮೇಲೆ ಇನ್ನೊಂದು ಪದರ ಮಣ್ಣು ಹಾಕಿ ಹೂಳುತ್ತಾ ಹೋದರು. ಸುಮಾರು 12,000 ಸ್ಮಾರಕ ಕಲ್ಲುಗಳು ಒಂದಕ್ಕೊಂದು ಒರಗಿ ಒತ್ತಿಕೊಂಡು ನಿಂತಿವೆ. ಪಕ್ಕದ ಪಿಂಕಾಸ್ ಸಿನಗಾಗ್‌ನ ಗೋಡೆಗಳ ಮೇಲೆ ನಾಜಿಗಳಿಗೆ ಬಲಿಯಾದ, ಇಂದಿನ ಚೆಕ್ ದೇಶದ ಭಾಗಗಳಾದ ಬೊಹೆಮಿಯಾ, ಮೊರಾವಿಯಾದ ಸುಮಾರು 80,000 ಯೆಹೂದಿಗಳ ಹೆಸರುಗಳನ್ನು ಕೈಯಲ್ಲಿ ಬರೆದಿದ್ದಾರೆ. ಕಮ್ಯುನಿಸ್ಟ್ ಕಾಲದಲ್ಲಿ ಅವು ಅಳಿದುಹೋಗಿದ್ದವು. 1990ರ ದಶಕದಲ್ಲಿ ಮತ್ತೆ ಬರೆದರು. ಮಹಡಿಯ ಮೇಲೆ ತೆರೆಜಿನ್ ಶಿಬಿರದಲ್ಲಿದ್ದ ಮಕ್ಕಳು ಬಿಡಿಸಿದ ಚಿತ್ರಗಳಿವೆ. ಚಿಟ್ಟೆ, ಮನೆ, ಊಟದ ಮೇಜು. ನಾನು ಅರ್ಧಕ್ಕೇ ಹೊರಗೆ ಬಂದೆ. ಇವರು ಹಿಂದೆಯೇ ಬಂದು ಏನೂ ಕೇಳದೆ ಪಕ್ಕದಲ್ಲಿ ನಿಂತರು.

ಮೊದಲ ಪ್ರವಾಸದಲ್ಲಿ ನಮ್ಮಿಂದ ಆದ ತಪ್ಪು ಇದೇ. ಆ ಗೋಡೆಗಳನ್ನು ನೋಡಿದ ಮೇಲೆ ಓಡುತ್ತಾ ಕೋಟೆಗೆ ಹೋಗಬಾರದಿತ್ತು. ಯೊಸೆಫೊವ್ ಆರಿಸಿಕೊಂಡರೆ ಅವತ್ತಿಗೆ ಅದೊಂದೇ ಇರಲಿ. ಕೋಟೆಯ ಅಂಗಳದಲ್ಲಿ ಸುಮ್ಮನೆ ನಡೆದು ಬನ್ನಿ, ಒಳಗೆ ಹೋಗಬೇಡಿ. ಮದುವೆಯಾದ ಹೊಸತರಲ್ಲಿ ಹೋಗುವವರಿಗೆ, ಮಕ್ಕಳನ್ನು ಬಿಟ್ಟು ಮೊದಲ ಬಾರಿ ಹೊರಟವರಿಗೆ ನಾನು ಕೋಟೆಯನ್ನೇ ಹೇಳುತ್ತೇನೆ. ಇತಿಹಾಸ ಓದಿಕೊಂಡವರಿಗೆ, ಇಪ್ಪತ್ತು ವರ್ಷ ಜೊತೆಗಿದ್ದು ಮೌನವಾಗಿ ನಡೆಯಲು ಕಲಿತವರಿಗೆ ಯೊಸೆಫೊವ್. ವಾರವನ್ನೂ ನೋಡಿಕೊಳ್ಳಿ: ಶನಿವಾರ ಮತ್ತು ಯೆಹೂದಿ ಹಬ್ಬಗಳಂದು ಯೊಸೆಫೊವ್ ಮುಚ್ಚಿರುತ್ತದೆ, ಭಾನುವಾರ ಪ್ರಾರ್ಥನೆ ಇರುವುದರಿಂದ ಕೆಥೆಡ್ರಲ್ ಪ್ರವಾಸಿಗರಿಗೆ ತೆರೆಯುವುದು ಮಧ್ಯಾಹ್ನವೇ. ಎಷ್ಟೋ ಸಲ ಈ ಒಂದೇ ವಿಷಯ ನಿಮ್ಮ ಪರವಾಗಿ ತೀರ್ಮಾನ ಮಾಡಿಬಿಡುತ್ತದೆ.

ಗಡಿಯಾರ: ಗಂಟೆಗೆ ಸರಿಯಾಗಿ ಬೇಡ

1410ರಲ್ಲಿ ಕೂರಿಸಿದ ಖಗೋಳ ಗಡಿಯಾರದ ಮುಂದೆ ಬೆಳಿಗ್ಗೆ ಒಂಬತ್ತರಿಂದ ರಾತ್ರಿ ಹನ್ನೊಂದರ ತನಕ ಪ್ರತಿ ಗಂಟೆಗೂ ಜನ ಮುಗಿಬೀಳುತ್ತಾರೆ. ಅಸ್ಥಿಪಂಜರ ಹಗ್ಗ ಎಳೆಯುತ್ತದೆ, ಎರಡು ಕಿಟಕಿಯಲ್ಲಿ ಹನ್ನೆರಡು ಶಿಷ್ಯರು ಸುತ್ತಿ ಹೋಗುತ್ತಾರೆ, ಹುಂಜ ಕೂಗುತ್ತದೆ, ಒಂದು ನಿಮಿಷದೊಳಗೆ ಮುಗಿಯುತ್ತದೆ. ಜನ ಚದುರಿದ ಮೇಲೆ, ಗಂಟೆ ದಾಟಿ ಹತ್ತು ನಿಮಿಷಕ್ಕೆ ಹೋಗಿ. ನಮ್ಮವರಿಗೆ ಆ ಗಡಿಯಾರದಲ್ಲಿ ನೋಡುವಂಥದ್ದು ಬೊಂಬೆಗಳಲ್ಲ, ಅದರ ಮುಖ. ಅದು ಒಂದು ಪಂಚಾಂಗ. ಸೂರ್ಯ ಯಾವ ರಾಶಿಯಲ್ಲಿದ್ದಾನೆ, ಚಂದ್ರ ಎಲ್ಲಿದ್ದಾನೆ, ಚಂದ್ರನ ಕಲೆ ಎಷ್ಟು ಎಲ್ಲವೂ ಕಾಣುತ್ತದೆ; ಚಂದ್ರನ ಗುಂಡು ಅರ್ಧ ಕಪ್ಪು, ಅರ್ಧ ಬೆಳ್ಳಿ, ತಾನೇ ತಿರುಗುತ್ತದೆ. ಹೊರಗಿನ ಉಂಗುರ ಹಳೆಯ ಬೊಹೆಮಿಯನ್ ಲೆಕ್ಕದಲ್ಲಿ ಸೂರ್ಯಾಸ್ತದಿಂದ ಗಂಟೆ ಎಣಿಸುತ್ತದೆ. ಸೂರ್ಯೋದಯದಿಂದ ಸೂರ್ಯಾಸ್ತದವರೆಗಿನ ಹಗಲನ್ನು ಹನ್ನೆರಡು ಪಾಲು ಮಾಡಿದ ಗೆರೆಗಳೂ ಅದೇ ಮುಖದ ಮೇಲಿವೆ, ನಮ್ಮ ಹೋರೆಯ ಹಾಗೆ. ರಾಶಿ ಮಾತ್ರ ಸಾಯನ, ಅಂದರೆ ವಿಷುವ ಬಿಂದುವಿನಿಂದ ಎಣಿಸುವ ಲೆಕ್ಕದ್ದು; ನಕ್ಷತ್ರಗಳಿಂದ ಎಣಿಸುವ ನಮ್ಮ ನಿರಯನದಿಂದ ಸುಮಾರು 24 ಡಿಗ್ರಿ ವ್ಯತ್ಯಾಸ. ಇವರು ಜೂನ್ ಕೊನೆಯ ವಾರ ಅಲ್ಲಿ ನಿಂತು, “ಪಂಚಾಂಗದಲ್ಲಿ ರವಿ ಇನ್ನೂ ಮಿಥುನದಲ್ಲಿದ್ದಾನೆ, ಇಲ್ಲಿ ಆಗಲೇ ಕರ್ಕಾಟಕಕ್ಕೆ ಬಂದುಬಿಟ್ಟಿದ್ದಾನಲ್ಲೇ” ಎಂದು ಫೋನ್ ತೆಗೆದು ಲೆಕ್ಕಕ್ಕೆ ಕೂತರು. ಅರ್ಧ ಗಂಟೆ ಅದರಲ್ಲೇ ಹೋಯಿತು, ನನಗೂ ಬೇಸರವಾಗಲಿಲ್ಲ.

ಅದೇ ಗೋಡೆಯ ಪಕ್ಕದ ನೆಲಗಲ್ಲಿನಲ್ಲಿ 27 ಬಿಳಿ ಶಿಲುಬೆ ಗುರುತುಗಳಿವೆ. 1621ರ ಜೂನ್ 21ರಂದು ಅಲ್ಲಿ ಮರಣದಂಡನೆಗೆ ಗುರಿಯಾದ 27 ಮಂದಿ ಬಂಡಾಯಗಾರರ ನೆನಪಿಗೆ. ಕಾಲಡಿ ನೋಡದೆ ಅದನ್ನು ತುಳಿದುಕೊಂಡು ಹೋಗುವವರೇ ಹೆಚ್ಚು.

ಯಾವ ಗೋಪುರ

ಒಂದು ಗೋಪುರ ಸಾಕು, ಯಾಕೆಂದರೆ ಎಲ್ಲದರಿಂದಲೂ ಕಾಣುವುದು ಅದೇ ಊರು. ಸೇಂಟ್ ವಿಟಸ್‌ನ ದಕ್ಷಿಣ ಗೋಪುರಕ್ಕೆ 287 ಇಕ್ಕಟ್ಟಾದ ಸುರುಳಿ ಮೆಟ್ಟಿಲು, ಬೇರೆ ಟಿಕೆಟ್. ಪೆಟ್ರಿನ್ ಗುಡ್ಡದ ಮೇಲಿನ ಕಬ್ಬಿಣದ ಗೋಪುರ 1891ರದ್ದು, 299 ಮೆಟ್ಟಿಲು. ಗುಡ್ಡಕ್ಕೆ ಹೋಗುತ್ತಿದ್ದ ಹಗ್ಗದ ರೈಲನ್ನು 2024ರಲ್ಲಿ ನವೀಕರಣಕ್ಕೆ ನಿಲ್ಲಿಸಿದರು. ಮತ್ತೆ ಶುರುವಾಗಿದೆಯೇ ಎಂದು ನೋಡಿಕೊಂಡೇ ಆ ಯೋಜನೆ ಹಾಕಿ. ಹಳೆಯ ಪುರಭವನದ ಗೋಪುರಕ್ಕೆ ಲಿಫ್ಟ್ ಇದೆ, ಮಂಡಿಯ ಚಿಂತೆಯಿರುವವರಿಗೆ ಅದೇ ಸರಿ. ನನ್ನ ಆಯ್ಕೆ ಮಾತ್ರ ಸೇತುವೆಯ ಪೂರ್ವ ತುದಿಯ ಗೋಪುರ. ಬರೀ 138 ಮೆಟ್ಟಿಲು, ಎತ್ತರ ಕಡಿಮೆ, ಆದರೆ ಇಡೀ ಸೇತುವೆ ನೇರ ನಿಮ್ಮ ಕಾಲಡಿಯಿಂದ ಹೊರಟು ಕೋಟೆಯ ಕಡೆಗೆ ಸಾಗುತ್ತದೆ. ದೀಪ ಹಚ್ಚುವ ಹೊತ್ತಿಗೆ ಹತ್ತಿ.

ಊಟ, ದುಡ್ಡು

ಮಾಂಸ ತಿನ್ನುವವರಿಗೆ ಇಲ್ಲಿ ಯೋಚನೆಯಿಲ್ಲ. ಸಸ್ಯಾಹಾರಿಗಳು ಮೆನುವಿನಲ್ಲಿ “ಬೆಜ್‌ಮಸಾ” ಎಂಬ ಪದ ಹುಡುಕಬೇಕು, ಮಾಂಸವಿಲ್ಲದ್ದು ಎಂದು ಅರ್ಥ. ಅದರಡಿ ಹೆಚ್ಚಾಗಿ ಸಿಗುವುದು ಸ್ಮಜೆನಿ ಸೀರ್, ಅಂದರೆ ಬ್ರೆಡ್ ಪುಡಿ ಮೆತ್ತಿ ಕರಿದ ಚೀಸ್, ಜೊತೆಗೆ ಆಲೂಗಡ್ಡೆ. ಮೇಲಿನ ಹೊದಿಕೆಗೂ ಪಕ್ಕದ ಟಾರ್ಟರ್ ಸಾಸಿಗೂ ಮೊಟ್ಟೆ ಬಿದ್ದಿರುತ್ತದೆ, ಸೂಪುಗಳು ಬಹುಪಾಲು ಎಲುಬಿನ ರಸದವು. ಮೊಟ್ಟೆಯೂ ಬೇಡ ಅನ್ನುವವರಿಗೆ ತೂಕದ ಲೆಕ್ಕದಲ್ಲಿ ದುಡ್ಡು ತೆಗೆದುಕೊಳ್ಳುವ ಸಸ್ಯಾಹಾರಿ ಬಫೆಗಳೇ ಒಳ್ಳೆಯದು. ಅನ್ನ, ಬೇಳೆ, ಪಲ್ಯ ಸಿಗುತ್ತದೆ. ಚೌಕದ ಮೇಜಿನಲ್ಲೋ, ಒಳಬೀದಿಯಲ್ಲೋ ಎಂದರೆ ಒಳಬೀದಿಯೇ. ಎರಡು ಓಣಿ ಒಳಗೆ ಹೋದರೆ ಬೆಲೆ ಇಳಿಯುತ್ತದೆ.

ಇಲ್ಲಿ ನಡೆಯುವುದು ಕೊರೂನಾ, ಯೂರೋ ಅಲ್ಲ. ಚೌಕದ ಬಳಿಯ ವಿನಿಮಯ ಅಂಗಡಿಯೊಂದರಲ್ಲಿ ಕಮಿಷನ್ ಇಲ್ಲ ಎಂಬ ಬೋರ್ಡು ನೋಡಿ ಯೂರೋ ಕೊಟ್ಟ ನಮಗೆ ದರದಲ್ಲೇ ದೊಡ್ಡ ಪಾಲು ಹೋಯಿತು. ಆಮೇಲೆ ಗೊತ್ತಾದದ್ದು: 2019ರ ಏಪ್ರಿಲ್‌ನಿಂದ ಅಲ್ಲಿನ ಕಾನೂನಿನ ಪ್ರಕಾರ 1,000 ಯೂರೋ ಮೌಲ್ಯದವರೆಗಿನ ವಿನಿಮಯವನ್ನು ಮೂರು ಗಂಟೆಯೊಳಗೆ ರಸೀದಿ ತೋರಿಸಿ ರದ್ದು ಮಾಡಿಸಬಹುದು. ರಸೀದಿ ಇಟ್ಟುಕೊಳ್ಳಿ, ಅದಕ್ಕಿಂತ ಕಾರ್ಡ್ ಬಳಸಿ.

ಮಧ್ಯಾಹ್ನದ ಮೂರು ಗಂಟೆಯ ಪ್ರಶ್ನೆ

ಊಟ ಮುಗಿಸಿದ ಮೇಲೆ ಕಾಲು ಸೋತಿರುತ್ತದೆ, ದಿನ ಇನ್ನೂ ಬಾಕಿ ಇರುತ್ತದೆ. ಆಗ ಮೂರು ಆಯ್ಕೆ. ಒಂದು ಗಂಟೆಯ ದೊಡ್ಡ ದೋಣಿವಿಹಾರ ಎಲ್ಲರೂ ಮಾಡುತ್ತಾರೆ. ನಾವೂ ಮಾಡಿದೆವು, ಧ್ವನಿವರ್ಧಕದ ವಿವರಣೆಯ ನಡುವೆ ನಮ್ಮ ಮಾತು ನಮಗೇ ಕೇಳಲಿಲ್ಲ. ಬೇಸಿಗೆಯಲ್ಲಿ ಅದರ ಬದಲು ಸ್ಲೊವಾನ್ಸ್ಕಿ ದ್ವೀಪದ ದಡದಲ್ಲಿ ಬಾಡಿಗೆಗೆ ಸಿಗುವ ಪೆಡಲ್ ದೋಣಿ ತೆಗೆದುಕೊಳ್ಳಿ. ಇಬ್ಬರೇ ಕೂತು ತುಳಿಯುತ್ತಾ ನದಿಯ ನಡುವೆ ಹೋಗಿ ನಿಂತರೆ ಸೇತುವೆಯೂ ಕೋಟೆಯೂ ಒಟ್ಟಿಗೆ ಎದುರಿಗಿರುತ್ತವೆ, ಹಿಂದಿನಿಂದ ತಳ್ಳುವವರು ಯಾರೂ ಇರುವುದಿಲ್ಲ.

ಎರಡನೆಯದು ವಿಶೆಹ್ರಾಡ್. ಮೆಟ್ರೋ ಸಿ ಲೈನಿನಲ್ಲಿ ಹೋಗಬಹುದು. ಕೋಟೆಗೋಡೆಯ ಮೇಲೆ ನಡೆಯಲು ಟಿಕೆಟ್ ಇಲ್ಲ. 11ನೇ ಶತಮಾನದ ದುಂಡನೆಯ ಪುಟ್ಟ ಚರ್ಚ್, ಸಂಗೀತ ಸಂಯೋಜಕರಾದ ದ್ವೊರ್ಜಾಕ್, ಸ್ಮೆತಾನಾ ಮಲಗಿರುವ ಸ್ಮಶಾನ, ಕೆಳಗೆ ನದಿ. ಊರಿನ ಜನ ಮಕ್ಕಳನ್ನು ಕರೆದುಕೊಂಡು ಬರುವ ಜಾಗ ಇದು, ಗದ್ದಲ ಕಡಿಮೆ. ಆದರೆ ಒಂದೇ ದಿನ ಇದ್ದವರಿಗೆ ದಾರಿ ತಪ್ಪಿದಂತಾಗುತ್ತದೆ. ಎರಡನೇ ಸಲ ಬಂದವರಿಗೆ ಇಡಿ.

ಮೂರನೆಯದು ಲೆತ್ನಾ ದಿಬ್ಬ. ಉತ್ತರಕ್ಕಿದೆ. 1955ರಲ್ಲಿ ಅಲ್ಲಿ ಸ್ಟಾಲಿನ್‌ನ ಭಾರಿ ಪ್ರತಿಮೆ ನಿಲ್ಲಿಸಿ 1962ರಲ್ಲಿ ಸಿಡಿಮದ್ದಿಟ್ಟು ಕೆಡವಿದರು. ಈಗ ಅದೇ ಪೀಠದ ಮೇಲೆ 1991ರಲ್ಲಿ ಇಟ್ಟ ದೊಡ್ಡ ಮೆಟ್ರೊನೋಮ್, ಅಂದರೆ ಸಂಗೀತದ ಲಯ ತೋರಿಸುವ ಲೋಲಕ ಇದೆ. ಅಲ್ಲಿಂದ ನದಿಯ ಸೇತುವೆಗಳು ಒಂದರ ಹಿಂದೆ ಒಂದು ಜೋಡಿಸಿದಂತೆ ಕಾಣುತ್ತವೆ. ಸಂಜೆ ಮರದ ಕೆಳಗಿನ ಬೆಂಚಿನಲ್ಲಿ ಕೂತು ಬಿಯರೋ ನಿಂಬೆಪಾನಕವೋ ಹಿಡಿದು ಹೊತ್ತು ಮುಳುಗುವುದನ್ನು ನೋಡಬಹುದು. ಜೂನ್‌ನಲ್ಲಿ ನಾವು ಅಲ್ಲಿ ಎರಡು ಗಂಟೆ ಕೂತೆವು. ಊರು ನೋಡುವುದಕ್ಕಿಂತ ಮಗನ ಕಾಲೇಜು, ಅತ್ತೆಯ ಕಣ್ಣಿನ ಆಪರೇಷನ್, ಊರ ಮನೆಯ ಹೆಂಚು ಇವೇ ಮಾತು. ಮನೆಯಲ್ಲಿದ್ದಾಗ ಈ ಮಾತುಗಳಿಗೆ ಇಷ್ಟು ಪುರುಸೊತ್ತು ಸಿಕ್ಕಿರಲಿಲ್ಲ.

ರಾತ್ರಿಗೆ ಸಂಗೀತ ಬೇಕೆನ್ನುವವರಿಗೆ, 1787ರಲ್ಲಿ ಮೊತ್ಸಾರ್ಟ್ ತನ್ನ ಒಪೆರಾದ ಮೊದಲ ಪ್ರದರ್ಶನವನ್ನು ತಾನೇ ನಿಂತು ನಡೆಸಿದ ಎಸ್ಟೇಟ್ಸ್ ರಂಗಮಂದಿರ ಇನ್ನೂ ನಡೆಯುತ್ತಿದೆ. ಮೂರು ಗಂಟೆ ಕೂರುವ ಶಕ್ತಿ ಇಬ್ಬರಲ್ಲೂ ಉಳಿದಿದ್ದರೆ ಮಾತ್ರ. ನಮ್ಮಲ್ಲಿ ಉಳಿದಿರಲಿಲ್ಲ. “ರೀ, ಟ್ರಾಮ್ ಹಿಡಿಯೋಣವಾ?” ಎಂದು ಕೇಳಿದೆ. “ಸೇತುವೆ ಮೇಲೆ ಇನ್ನೊಂದು ಸಲ ಹೋಗೋಣ ಬಾರೇ, ಬೆಳಿಗ್ಗೆ ಮೇಲಿಂದ ಮಾತ್ರ ನೋಡಿದ್ದು” ಎಂದರು. ರಾತ್ರಿ ಹತ್ತೂವರೆ. ಚಿತ್ರ ಮಾರುವವರು ಗಂಟು ಕಟ್ಟುತ್ತಿದ್ದರು, ಕೋಟೆಗೆ ದೀಪ ಹಾಕಿತ್ತು, ನಾವು ನಡೆದೇ ದಾಟಿದೆವು.